ಇಂದುಮತಿಯ ಮೀನಿನ ತೊಟ್ಟಿಗೆ ಕೋಡಿ

"ಹಾಕಿ ಶಾಂಭವಿ, ಎಷ್ಟು ಬೇಕಾದ್ರೂ ನೀರು ಹಾಕಿ!" ಎಂದು ಇಂದುಮತಿ ತುಂಬಿದ ಬಿಂದಿಗೆಯನ್ನೇ ನನ್ನ ಕೈಗೆ ಕೊಟ್ಟಳು.

ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತಳಾದ ಈ ಪಕ್ಕದ ಮನೆಯವಳಿಗೆ ಸುಮ್ಮನೆ ಕೂತು ಗೊತ್ತೇ ಇಲ್ಲ. ಈ ದಸರಾಕ್ಕೆ ಗೊಂಬೆ ಮೆಟ್ಟಿಲುಗಳ ನಡುವೆ ಅಕ್ವೇರಿಯಂ ಕೂರಿಸಿದ್ದಳು. ಹೆಚ್ಚಾದ ನೀರು ಹೊರಬಿಡುವ ಅಂಗಡಿಯ ಪೈಪು ಗೊರಗೊರ ಎನ್ನುತ್ತದೆ, ಮರಿಮೀನನ್ನೂ ಎಳೆದುಕೊಳ್ಳುತ್ತದೆ ಎಂದು, ಕೆರೆಗೆ ಇರುವಂತೆ ತೊಟ್ಟಿಗೂ ಒಂದು ಕೋಡಿಯನ್ನು ತಾನೇ ಮಾಡಿದ್ದಳು. ಗಾಜಿನ ಮೇಲೆ ಸೊಂಟದೆತ್ತರಕ್ಕೆ ಒಂದು ಕೆಂಪು ಗೆರೆ. ಅದಕ್ಕಿಂತ ಗೇಣು ಮೇಲೆ, ಮೂರು ಗುರುತಿನ ತಿರುಪು ಇದ್ದ ಪುಟ್ಟ ಪೆಟ್ಟಿಗೆ.

ಬಿಂದಿಗೆ ಪೂರ್ತಿ ಸುರಿದೆ. ನೀರು ಗೆರೆ ಬಿಟ್ಟು ಕೂದಲೆಳೆಯಷ್ಟೂ ಮೇಲೇರಲಿಲ್ಲ! ಹೆಚ್ಚಾದದ್ದು ಗಾಳಿಯಲ್ಲೇ ದಾರದಂತೆ ಇಳಿದು, ಸದ್ದಿಲ್ಲದೆ ಕೆಳಗಿನ ಬಕೆಟ್ ಸೇರಿತು.

"ಪೈಪೂ ಇಲ್ಲ, ಕರೆಂಟೂ ಬೇಡ! ಗೆರೆ ಮೀರಿದ್ದನ್ನ ತಾನೇ ಕೆಳಗಿಳಿಸತ್ತೆ. ಮೊದಲನೇ ಗುರುತು ನೀರಿಗೆ, ಎರಡನೇದು ನೊರೆಗೆ. ಮೂರನೇದನ್ನ ನಾನೇ ಇನ್ನೂ ಪರೀಕ್ಷೆ ಮಾಡಿಲ್ಲ, ಮುಟ್ಟಬೇಡಿ."

"ಅಯ್ಯೋ, ಏನು ತಲೆ ಕಣೇ ಇಂದುಮತಿ ನಿಂದು!" ಎಂದರು ಸರ್ವಮಂಗಳಮ್ಮ.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಸರ್ವಮಂಗಳಮ್ಮ ನಮ್ಮ ಬೀದಿಯ ಗೊಂಬೆ ಸ್ಪರ್ಧೆಯ ತೀರ್ಪುಗಾರರು. ಬಹುಮಾನದ ಬೆಳ್ಳಿಯ ಕುಂಕುಮ ಭರಣಿ ಆರು ವರ್ಷದಿಂದ ನನ್ನದೇ. ಇಡೀ ಮೈಸೂರಿನಲ್ಲಿ ನನ್ನ ಒಂಬತ್ತು ಮೆಟ್ಟಿಲಿಗೆ ಸಾಟಿಯಿಲ್ಲ ಎಂದುಕೊಂಡಿದ್ದರೆ, ಇವಳು ನಾಲ್ಕು ಮೀನು ತಂದು ಎಲ್ಲರ ಬಾಯಿ ಮುಚ್ಚಿಸಿಬಿಡುವುದೇ?

ಎಲ್ಲರೂ ಕೋಸಂಬರಿಯ ಕಡೆ ತಿರುಗಿದಾಗ ಮೂರನೇ ಗುರುತಿಗೆ ತಿರುಪಿಬಿಟ್ಟೆ. ತೀರ್ಪುಗಾರರ ಮುಂದೆ ಒಂದು ಸಲ ಗೊರಗೊರ ಅನ್ನಲಿ ಎಂದಷ್ಟೇ ನನ್ನ ಆಸೆ, ದೇವರಾಣೆ!

ಅದು ಗೊರಗೊರ ಅನ್ನಲಿಲ್ಲ. ಮೇಲಿನ ಮೆಟ್ಟಿಲಿನ ಪಟ್ಟದ ಗೊಂಬೆಗಳು ರಾಜ ಮೊದಲು, ರಾಣಿ ಆಮೇಲೆ ಎಂದು ತೇಲುತ್ತ ಇಳಿದು ಬಕೆಟ್ಟಿನಲ್ಲಿ ಕೂತವು. ಫ್ಯಾನು ಇಳಿದು ಮೂಲೆ ಸೇರಿತು. ಸರ್ವಮಂಗಳಮ್ಮ ಕೋಸಂಬರಿ ತಟ್ಟೆಯ ಸಮೇತ ಕುಸಿದು ಕೂತರು.

"ಯಾರೋ ತಲೆ ಮೇಲೆ ಕೈಯಿಟ್ಟು ಅದುಮ್ತಿದಾರೆ ಕಣ್ರೇ!"

"ಯಾರ್ರೀ ತಿರುಪು ಮುಟ್ಟಿದ್ದು?" ನೆಲದ ಮೇಲಿಂದಲೇ ಇಂದುಮತಿ ಕೂಗಿದಳು.

"ನನ್ನನ್ನೇನ್ರೀ ನೋಡ್ತೀರ? ನಿಮ್ಮ ಯಂತ್ರ ಸರಿಯಿಲ್ಲ ಅಂದ್ರೆ ನಾನೇನು ಮಾಡ್ಲಿ?"

"ಹೋಗ್ಲಿ, ತಿರುಪನ್ನ ಹಿಂದಕ್ಕೆ ತಿರುಗಿಸಿ!"

ಎಲ್ಲಿಂದ ತಿರುಗಿಸುವುದು? ತಿರುಪು ಇದ್ದದ್ದೇ ಗೆರೆಗಿಂತ ಮೇಲೆ, ಈಗ ಗೆರೆ ಮೀರಿದ್ದೆಲ್ಲ ಇಳಿಯುತ್ತಿತ್ತು! ನಾನು ಕೈ ಎತ್ತಿದರೆ ಕೈ ಇಳಿಯಿತು. ಇಂದುಮತಿ ಕೋಲು ಎತ್ತಿದರೆ ಕೋಲೂ ಇಳಿಯಿತು. ಅಷ್ಟರಲ್ಲಿ ಅವಳ ಮನೆಯ ಹಂಚುಗಳು ಒಂದೊಂದಾಗಿ ಇಳಿದು ಅಂಗಳದಲ್ಲಿ ಅಚ್ಚುಕಟ್ಟಾಗಿ ಜೋಡಿಸಿಕೊಂಡವು.

ಆಗ ನಮ್ಮ ಯಜಮಾನರು ಅಂಬೆಗಾಲಿಡುತ್ತ ಬಂದರು. "ಲೇ, ನಮ್ಮ ಮಹಡಿ ಇಳಿದು ಪಕ್ಕದ ಖಾಲಿ ಸೈಟಲ್ಲಿ ಕೂತಿದೆ! ಏನು ಮಾಡಿದೆ ನೀನು?"

"ಏನಾದ್ರೂ ನಾನೇನಾ? ನಿಮಗೆ ಹೆಂಡತಿ ಮೇಲೆ ಒಂಚೂರಾದ್ರೂ ನಂಬಿಕೆ ಬೇಡ್ವಾ?"

"ನಂಬಿಕೆ ಇರೋದಕ್ಕೇ ಕೇಳಿದ್ದು!"

ಇಷ್ಟಾದರೂ ಸರ್ವಮಂಗಳಮ್ಮ ಸ್ಪರ್ಧೆ ನಿಲ್ಲಿಸಲಿಲ್ಲ. ಮಂಡಿಯೂರಿಕೊಂಡೇ ನಮ್ಮ ಮನೆಗೂ ಬಂದರು. ನನ್ನ ಒಂಬತ್ತು ಮೆಟ್ಟಿಲೂ ಮಡಚಿಕೊಂಡು, ನೂರಾ ಎಂಟು ಗೊಂಬೆಗಳು ನೆಲದ ಮೇಲೆ ಸಾಲಾಗಿ ಕೂತಿದ್ದವು. ನನಗೆ ಅಳುವೇ ಬಂತು.

"ಮೆಟ್ಟಿಲೇ ಇಲ್ವಲ್ಲೇ ಶಾಂಭವಿ, ಹೇಗೆ ಕೊಡ್ಲಿ? ಅಲ್ಲಿ ಮೀನಾದ್ರೂ ಇದ್ದಲ್ಲೇ ಇದಾವೆ."

ಬೆಳ್ಳಿಯ ಭರಣಿ ಇಂದುಮತಿಗೆ ಹೋಯಿತು! ಬೀದಿಯ ಹೆಂಗಸರೆಲ್ಲ ಅವಳ ಸುತ್ತ ಕುಕ್ಕರಗಾಲಲ್ಲಿ ಕೂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ತಟ್ಟದಿದ್ದರೆ ಅನುಮಾನ ಬರುತ್ತದಲ್ಲ. ಇಂದುಮತಿ ಹಲ್ಲು ಕಿರಿಯುತ್ತ, ಎಲ್ಲರಿಗೂ ಕಾಣಲಿ ಎಂದು ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಗೆರೆಯ ಎತ್ತರದವರೆಗೆ ಬಂತು, ಅಲ್ಲಿಂದ ಮೆಲ್ಲಗೆ ಇಳಿದು ಅವಳ ಮಡಿಲಲ್ಲೇ ಕೂತಿತು. ಮತ್ತೆ ಎತ್ತಿದಳು, ಮತ್ತೆ ಇಳಿಯಿತು. ಹಿಂದಿನ ಸಾಲಿನವರಿಗೆ ಭರಣಿ ಕಾಣಲೇ ಇಲ್ಲ.

ನನ್ನ ಹೊಟ್ಟೆ ತಣ್ಣಗಾಯಿತು. ಏನೇ ಹೇಳಿ, ಇಂದುಮತಿ ಬುದ್ಧಿವಂತೆ.