ಪದಬಂಧಕ್ಕೆ ಅಂಕ ಕೊಡುತ್ತಿದ್ದ ದೊಡ್ಡಪ್ಪ

ನನ್ನ ದೊಡ್ಡಪ್ಪ ತಮ್ಮ ಜೀವಮಾನದಲ್ಲಿ, ಒಂದೇ ಒಂದು ಸಲ ಬಿಟ್ಟರೆ, ಯಾರಿಗೂ, ಯಾವುದಕ್ಕೂ ಇಪ್ಪತ್ತೈದಕ್ಕೆ ಹದಿನಾಲ್ಕಕ್ಕಿಂತ ಹೆಚ್ಚು ಅಂಕ ಕೊಟ್ಟವರಲ್ಲ. ಆ ಹದಿನಾಲ್ಕು ಸಂದದ್ದು ಒಂದು ಹದವಾದ ಮಳೆಗೆ. ಅದರಲ್ಲೂ ಗುಡುಗಿಗೆಂದು ಎರಡು ಅಂಕ ಕಳೆದಿದ್ದರು!

ಅವರು ಮಳವಳ್ಳಿಯಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಹುಡುಗರ ಉತ್ತರ ತಿದ್ದಿ ಉಳಿದ ಕೆಂಪು ಮಸಿಯೆಲ್ಲ ಭಾನುವಾರದ ಪತ್ರಿಕೆಯ ಪದಬಂಧಕ್ಕೆ ಮೀಸಲು. ವಾರಕ್ಕೊಂದು ವಿಷಯದ ಮೇಲೆ ಬರುತ್ತಿದ್ದ ಪದಬಂಧವದು: ಒಂದು ವಾರ ಹಕ್ಕಿಗಳು, ಇನ್ನೊಂದು ವಾರ ನದಿಗಳು. ಬಿಡಿಸುವವರು ಬಹಳ ಜನ ಇದ್ದರು. ಬಿಡಿಸಿದ ಮೇಲೆ ಎರಡು ಪುಟದ ವಿಮರ್ಶೆ ಬರೆದು, ಅಂಕ ಹಾಕಿ, ಸಂಪಾದಕರಿಗೆ ಕಳಿಸುವವರು ಇಡೀ ಮೈಸೂರು ಸೀಮೆಯಲ್ಲಿ ಇವರೊಬ್ಬರೇ ಇದ್ದಿರಬೇಕು. ಅದನ್ನು ಕಳಿಸುವ ಕೆಲಸ ನನ್ನದು. ಅದೇ ಪತ್ರಿಕೆಗೆ ನಾನು ಮಂಡ್ಯದಿಂದ ಸುದ್ದಿ ಬರೆಯುತ್ತಿದ್ದೆ. ಹೀಗಾಗಿ ಪದಬಂಧದ ಪ್ರತಿಯೊಂದು ತಪ್ಪಿಗೂ ನಾನೇ ಹೊಣೆ!

ದೊಡ್ಡಪ್ಪನ ಪದ್ಧತಿ ಸರಳ. ಆಯಾ ಕಸುಬಿನವರು ಒಪ್ಪದೆ ಯಾವ ಉತ್ತರವನ್ನೂ ಬರೆಯುವಂತಿಲ್ಲ. ಪತ್ರಿಕೆ ಬೆಂಗಳೂರಿನಿಂದ ರೈಲಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಮಳವಳ್ಳಿಗೆ ಬರಬೇಕಿತ್ತು. ಯುದ್ಧದ ಕಾಲ, ಬಸ್ಸಿನ ಹಿಂದೆ ಒಂದು ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಲು ಉರಿಸಿ, ಆ ಅನಿಲದಿಂದ ಓಡಿಸುತ್ತಿದ್ದರು. ಕಾಯಲಾರದ ದೊಡ್ಡಪ್ಪ ತಾವೇ ಮದ್ದೂರಿಗೆ ಹೋಗಿ ಪತ್ರಿಕೆ ಕೊಂಡು ಅದೇ ಬಸ್ಸಿನಲ್ಲಿ ವಾಪಸಾಗುತ್ತಿದ್ದರು. ಆ ವಾರದ ವಿಷಯ ವಾಹನಗಳು. 'ಬಸ್ಸನ್ನು ಓಡಿಸುವುದು, ಮೂರಕ್ಷರ.' ದಾರಿಯ ನಡುವೆ ಬಸ್ಸು ನಿಂತಿತು. ಬಸ್ಸಿನ ಜತೆಗೇ ಬರುತ್ತಿದ್ದ ಮೆಕ್ಯಾನಿಕ್ ಸಾಹೇಬರು ಇಳಿದು ಪೀಪಾಯಿಯೊಳಗೆ ತಲೆ ಹಾಕಿ ಕೆಂಡ ಕೆದಕುತ್ತಿದ್ದರು. ದೊಡ್ಡಪ್ಪ ಪೆನ್ಸಿಲ್ ಹಿಡಿದು ಹಿಂದೆ ನಿಂತರು.

"ಸಾಹೇಬ್ರೇ, ಪೆಟ್ರೋಲು ಅಂತ ಬರೀಲಾ?"

ಸಾಹೇಬರು ಮಸಿ ಮುಖವನ್ನು ಹೊರಗೆ ತೆಗೆದರು. "ಪೆಟ್ರೋಲಾ? ಅದ್ರ ವಾಸ್ನೆ ನೋಡಿ ಎರಡು ವರ್ಷ ಆಯ್ತು, ಮೇಷ್ಟ್ರೇ! ಆ ಪೇಪರ್ ಮಡಚಿಟ್ಟು ಮೊದ್ಲು ತಳ್ಳಿ."

ಆ ವಾರದ ವಿಮರ್ಶೆ ಇನ್ನೂ ನೆನಪಿದೆ: 'ಪೆಟ್ರೋಲು ಎಂಬ ಉತ್ತರ ಮಳವಳ್ಳಿ ತಾಲ್ಲೂಕಿಗೆ ಅನ್ವಯಿಸುವುದಿಲ್ಲ. ನಾನು ಖುದ್ದಾಗಿ ತಳ್ಳಿದ್ದೇನೆ. ನಾಲ್ಕು ಅಂಕ ಕಡಿತ.'

ಈ ಅಂಕದ ಚಟ ಪದಬಂಧದಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಕಿರುಗಾವಲಿನಲ್ಲಿ ದೊಡ್ಡಮ್ಮನ ತಮ್ಮನ ಮದುವೆ. ಊಟ ಮುಗಿಸಿ, ಕೈ ತೊಳೆದು ಬಂದ ದೊಡ್ಡಪ್ಪ ತುಂಬಿದ ಚಪ್ಪರದಲ್ಲಿ ಘೋಷಿಸಿದರು: "ಇಪ್ಪತ್ತೈದಕ್ಕೆ ಅನ್ನೊಂದು. ಪಾಯ್ಸ ಒಂದು ಬಚಾವು ಮಾಡ್ತು." ಬೀಗರ ಮುಂದೆ! ದೊಡ್ಡಮ್ಮ ಅಂದು ಬಾಯಿ ಮುಚ್ಚಿದವರು ಮೂರು ವರ್ಷ ಗಂಡನ ಜತೆ ಮಾತಾಡಲಿಲ್ಲ. ತಪ್ಪಾಯಿತು ಎನ್ನಲು ದೊಡ್ಡಪ್ಪನೂ ತಯಾರಿರಲಿಲ್ಲ. ಕೊಟ್ಟ ಅಂಕವನ್ನು ತಿದ್ದುವುದುಂಟೇ?

ಮಾತು ಉಳಿದದ್ದು ಭಾನುವಾರ ಒಂದೇ ದಿನ, ಅದೂ ಪದಬಂಧದ ಕೃಪೆಯಿಂದ. ಅಕ್ಷರ ಬಾರದ ದೊಡ್ಡಮ್ಮನಿಗೆ ಬಾರದ ಉತ್ತರವಿರಲಿಲ್ಲ. ದೊಡ್ಡಪ್ಪ ಜಗಲಿಯ ಕಂಬಕ್ಕೆ ಸುಳಿವು ಓದಿ ಹೇಳುವರು. ದೊಡ್ಡಮ್ಮ ಒಳಗಿನಿಂದ ಸಾರಿನ ಮಡಕೆಗೆ ಉತ್ತರ ಹೇಳುವರು. ಅಡುಗೆಮನೆ ವಿಷಯವಾಗಿದ್ದ ವಾರ ಕಂಬಕ್ಕೊಂದು ಪ್ರಶ್ನೆ ಹೋಯಿತು: "ಎಲ್ಲರಿಗಿಂತ ಮೊದಲು ಎಚ್ಚರವಾಗಿ, ಎಲ್ಲರಿಗಿಂತ ಕೊನೆಗೆ ತಣ್ಣಗಾಗುವುದು. ಎರಡಕ್ಷರ."

ಮಡಕೆಗೆ ಉತ್ತರ ಬಂತು: "ಇನ್ನೇನಿದ್ದದು? ಎಡ್ತಿ ಅಂತ ಬರ್ಕೊಳಕೇಳ್ರಪ್ಪ!"

ದೊಡ್ಡಪ್ಪ 'ಹೆಡ್ತಿ' ಎಂದು ಬರೆದುಕೊಂಡರು. ಮುಂದಿನ ವಾರ 'ಒಲೆ' ಎಂಬ ಉತ್ತರ ಅಚ್ಚಾಯಿತು. ದೊಡ್ಡಪ್ಪನ ವಿಮರ್ಶೆ: 'ನಮ್ಮ ಮನೆಯ ಉತ್ತರವೇ ಸರಿ. ಕಸುಬಿನವರನ್ನು ಕೇಳಿ ಬರೆದದ್ದು.'

ಹೀಗಿರುವಾಗ ನನ್ನ ಕೈಗೆ ಕೆಟ್ಟ ಸುದ್ದಿ ಬಂತು. ಯುದ್ಧದಿಂದ ಕಾಗದದ ಅಭಾವ. ಪುಟಗಳು ಕಡಿಮೆಯಾಗುತ್ತವೆ, ಪದಬಂಧ ನಿಲ್ಲುತ್ತದೆ. ನಾನೇ ಹೋಗಿ ಹೇಳಿದೆ. ದೊಡ್ಡಪ್ಪ ಅಡುಗೆಮನೆಯ ಕಡೆ ನೋಡಿದರು. ಒಳಗೆ ಸೌಟಿನ ಸದ್ದು ನಿಂತಿತ್ತು.

"ನಿಲ್ಸಕೂಡ್ದು ಕಣ್ಲಾ," ಎಂದರು ಮೆಲ್ಲಗೆ. "ಈ ಮನೆ ಗತಿ ಏನಾಗ್ಬೇಕು?"

ಅಂದು ಅವರು ಸಂಪಾದಕರಿಗೆ ಬರೆದ ಪತ್ರವನ್ನು ನಾನು ಎರಡು ಸಲ ಓದಿದೆ. ಬೈಗುಳವಿಲ್ಲ, ಕಡಿತವಿಲ್ಲ. ಕೊನೆಗೆ ಕೆಂಪು ಮಸಿಯಲ್ಲಿ: ಇಪ್ಪತ್ತೈದಕ್ಕೆ ಇಪ್ಪತ್ತೈದು! ಪತ್ರಿಕೆಯ ಕಛೇರಿಯಿಂದ ನನಗೆ ಉತ್ತರ ಬಂತು. ಪದಬಂಧ ರಚಿಸುವ ಮಹಾಶಯರು ಪತ್ರ ಓದಿ, ಇದು ನಿಜವಾಗಿ ಮಳವಳ್ಳಿ ಮೇಷ್ಟ್ರು ಬರೆದದ್ದೇ ಎಂದು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ. ಆದರೂ ಕಾಗದ ಹುಟ್ಟಲಿಲ್ಲ. ಪದಬಂಧ ನಿಂತಿತು.

ನಂತರದ ಎರಡು ಭಾನುವಾರ ನಾನು ಆ ಮನೆಯಲ್ಲಿದ್ದೆ. ಮೊದಲ ಭಾನುವಾರ ಊಟಕ್ಕೆ ಕುಳಿತ ದೊಡ್ಡಪ್ಪ ಆಡಿದ ಮಾತು ಒಂದು: "ಉಪ್ಪು." ಎರಡನೆಯ ಭಾನುವಾರ ಉಪ್ಪೂ ಸರಿಯಾಗಿತ್ತು.

ಮೂರನೆಯ ಭಾನುವಾರ ಹೋದಾಗ ದೊಡ್ಡಪ್ಪ ಹಾಳೆಯೊಂದರ ಮೇಲೆ ರೂಲುಕಡ್ಡಿ ಇಟ್ಟು ಗೆರೆ ಎಳೆಯುತ್ತಿದ್ದರು. ಎಳೆದು ಮುಗಿಸಿ, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಓದಿದರು: "ಈ ವಾರದ ವಿಷಯ, ಲಗ್ನಕ್ಕೆ ಮುಂಚೆ. ಎಡದಿಂದ ಬಲಕ್ಕೆ, ಒಂದು. ಚಿಕ್ಕವಳಾಗಿದ್ದಾಗ ನೀರಿಗೆ ಜತೆಗೆ ಬರುತ್ತಿದ್ದ ಗೆಳತಿ."

ಒಳಗೆ ಸೌಟು ಕೆಳಗಿಟ್ಟ ಸದ್ದಾಯಿತು.

"ಎರಡು. ಅವ್ವ ಬೈದ್ರೆ ಓಗಿ ಕೂರುತ್ತಿದ್ದ ಜಾಗ. ಮೂರು. ತಿನ್ನಬೇಕು ಅಂತ ಆಸೆಪಟ್ಟು ಯಾರಿಗೂ ಯೋಳದೆ ಬುಟ್ಟಿದ್ದು."

ದೊಡ್ಡಮ್ಮ ಬಾಗಿಲಿಗೆ ಬಂದರು. ಸೆರಗಿನಲ್ಲಿ ಕೈ ಒರೆಸುತ್ತಾ, ಮೂರು ವರ್ಷದಲ್ಲಿ ಮೊದಲ ಸಲ ಗಂಡನ ಮುಖವನ್ನೇ ನೋಡಿ ಕೇಳಿದರು:

"ಒಂದನೇದು ಎಷ್ಟಕ್ಷರ?"

"ನಂಗೇನ್ ಗೊತ್ತಮ್ಮಿ?"

"ಉತ್ರ ಗೊತ್ತಿಲ್ದೆ ಯಾರಾರ ಪದಬಂಧ ಮಾಡ್ತಾರಾ?"

ನಾನು ಬಗ್ಗಿ ನೋಡಿದೆ. ಹಾಳೆಯ ತುಂಬ ಚೌಕಗಳು. ಒಂದಕ್ಕೂ ಕಪ್ಪು ಬಳಿದಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಖಾಲಿ.

ದೊಡ್ಡಪ್ಪ ಹಾಳೆಯ ಮೇಲಿಂದ ಕಣ್ಣೆತ್ತದೆ ಪೆನ್ಸಿಲ್ ಹಿಡಿದರು.

"ಇಷ್ಟು ವರ್ಸ ಕೇಳ್ನಿಲ್ಲ, ಗೊತ್ತಾಗ್ನಿಲ್ಲ. ಕೂತ್ಕೊ. ಎಷ್ಟುದ್ದ ಆದ್ರೂ ಯೋಳು, ಜಾಗ ಬುಟ್ಟಿವ್ನಿ."