ಚರಗದ ಬುಟ್ಟಿ ಮತ್ತು ಷಡ್ಡಕನ ಬೈಕು

ಬೇರೆಯವರ ಏಳಿಗೆ ಕಂಡು ಸಂತೋಷಪಡುವವರು ಇದ್ದಾರಂತೆ. ಇರಲಿ ಬಿಡಿ, ನಾನಂತೂ ಆ ಪೈಕಿಯಲ್ಲ. ಸವಣೂರಿನ ನಮ್ಮ ಕಾಲೇಜಿನ ಆಫೀಸಿನಲ್ಲಿ ಪಕ್ಕದ ಮೇಜಿನವರಿಗೆ ಹೊಸ ಕುರ್ಚಿ ಬಂದರೂ ನನಗೆ ಎರಡು ದಿನ ಊಟ ರುಚಿಸುವುದಿಲ್ಲ. ಇಂಥವನಿಗೆ ದೇವರು ವೀರೇಶನಂಥ ಷಡ್ಡಕನನ್ನು ಕೊಟ್ಟ. ವೀರೇಶ ನನ್ನ ಹೆಂಡತಿಯ ತಂಗಿಯ ಗಂಡ. ಹಾನಗಲ್ಲಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕುಡಿಯುವುದಿಲ್ಲ, ಸಿಟ್ಟಾಗುವುದಿಲ್ಲ, ತಲೆತುಂಬ ಕೂದಲು ಬೇರೆ. ಇಷ್ಟು ಸಾಲದೆಂದು ಹೋದ ವರ್ಷ ಕೆಸರು, ಕಲ್ಲು, ಹಳ್ಳ ಯಾವುದಕ್ಕೂ ಜಗ್ಗದ ಆಫ್‌ರೋಡ್ ಬೈಕು ತಂದ. ಒಂಟೆಯಷ್ಟು ಎತ್ತರ. ನನ್ನದು ಗೇರಿಲ್ಲದ ಸ್ಕೂಟರು.

ನಮ್ಮ ಮಾವನ ಊರು ಹಿರೇಕೆರೂರಿನ ಹತ್ತಿರ. ಸೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಕಡಬು, ಹೋಳಿಗೆ, ಪಲ್ಯವನ್ನು ಮೊದಲು ಭೂಮಿತಾಯಿಗೆ ಉಣಿಸಿ ಆಮೇಲೆ ನಾವು ಉಣ್ಣುವುದು. ಚರಗದ ಬುಟ್ಟಿ ಹೊಲದ ಬನ್ನಿಗಿಡ ಮುಟ್ಟುವವರೆಗೆ ನೆಲಕ್ಕಿಳಿಯಬಾರದೆಂಬುದು ನಮ್ಮತ್ತೆಯ ಕಾಯ್ದೆ. ಬುಟ್ಟಿ ಹಿಡಿದ ಅತ್ತೆಯನ್ನು ಹನ್ನೆರಡು ವರ್ಷ ಕರೆದೊಯ್ದವನು ಹಿರಿಯಳಿಯನಾದ ನಾನು. ಸ್ಕೂಟರು ಡಾಂಬರು ಮುಗಿಯುವವರೆಗೆ ಮಾತ್ರ, ಅಲ್ಲಿಂದ ನಡಿಗೆ, ನಿಜ. ಆದರೂ ಮಾನ ಮಾನವೇ. ಈ ಸಲ ಮಾವ ಎಲ್ಲರೆದುರು, "ವೀರೇಶಪ್ಪನ ಗಾಡಿ ಬನ್ನಿಗಿಡದ ತನಕಾ ಹೋಗ್ತೈತಿ. ನಿಮ್ಮತ್ತಿನ್ನ ಅವನ ಕರಕೊಂಡು ಹೋಗ್ಲಿ" ಎಂದುಬಿಟ್ಟರು.

ನನ್ನ ಹನ್ನೆರಡು ವರ್ಷದ ಹುದ್ದೆ ಒಂದೇ ಮಾತಿಗೆ ಹೋಯಿತು. ಸುಮ್ಮನಿರಬಹುದಿತ್ತು. ಇರಲಿಲ್ಲ.

"ಗಾಡಿ ಕೊಡಪಾ ವೀರೇಶ, ಅತ್ತಿಯವರನ್ನ ನಾನ ಕರಕೊಂಡು ಹೋಗ್ತೇನಿ."

"ನಿಮಗ ಗೇರಿನ ಗಾಡಿ ರೂಢಿ ಐತೇನ್ರಿ ಅಣ್ಣಾರ?"

"ಕಾಲೇಜ್ ಓದೂ ಮುಂದ ಹೊಡದೇನಿ ತಗೋ!"

ಹೊಡೆದದ್ದು ಹೌದು, ಗೆಳೆಯನ ಬೈಕು, ಒಂದೇ ಸಲ, ಅದೂ ಇಳಿಜಾರಿನಲ್ಲಿ. ವೀರೇಶ ಮರುಮಾತಾಡದೆ ಕೀಲಿ ಕೊಟ್ಟ. ಅವನು ಹಾಗೆ ಮರುಮಾತಾಡದೆ ಕೊಡುವುದನ್ನು ಕಂಡರೇ ನನಗಾಗುವುದಿಲ್ಲ.

ಡಾಂಬರು ಮುಗಿದು ಹೊಲದ ದಾರಿ ಹಿಡಿದೆವು. ಹಿಂದಿನ ದಿನದ ಮಳೆಗೆ ಮಣ್ಣು ಹಿಟ್ಟು ನಾದಿದಂತಾಗಿತ್ತು. ಸ್ಕೂಟರಿನಲ್ಲಿ ಎಡಗೈಗೆ ಸಿಗುವುದು ಬ್ರೇಕು, ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್ಚು. ಗಾಡಿ ಜಾರಿ ಹೆದರಿಕೆಯಾದಾಗಲೆಲ್ಲ ನನ್ನ ಎಡಗೈ ತನ್ನ ರೂಢಿಯಂತೆ ಅದನ್ನು ಅರ್ಧಂಬರ್ಧ ಅಮುಕುತ್ತಿತ್ತು. ಬಲಗೈ ಗಾಬರಿಯಲ್ಲಿ ಆಕ್ಸಿಲರೇಟರ್ ತಿರುವುತ್ತಿತ್ತು. ಇಂಜಿನ್ನು ಊರಿಗೆಲ್ಲ ಕೇಳುವಂತೆ ಒದರಿದರೂ ಗಾಡಿ ತೆವಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ.

"ಏನೋ ಹೊತ್ತಿದ ವಾಸನಿ ಬರಾಕತ್ತೈತಲ್ರಿ" ಎಂದರು ಹಿಂದೆ ಕೂತ ಅತ್ತೆ, "ನನ್ನ ಹೋಳಿಗಿ ಅಲ್ಲ ಮತ್ತ!"

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ದುಬಾರಿ ಗಾಡಿ ಮೂರು ಹೊಲ ದಾಟುವಷ್ಟರಲ್ಲಿ ಸುಟ್ಟಿತಲ್ಲ! ಸವಣೂರಿನಲ್ಲಿ ಇದನ್ನು ಯಾರ್ಯಾರಿಗೆ ಹೇಳಬೇಕೆಂದು ಮನಸ್ಸಿನಲ್ಲೇ ಪಟ್ಟಿ ಮಾಡತೊಡಗಿದೆ. ಪಟ್ಟಿ ಮುಗಿಯುವ ಮೊದಲೇ ಗಾಡಿ ಕದಲುವುದನ್ನೂ ಬಿಟ್ಟಿತು. ಅತ್ತೆ ಕೆಸರಿಗಿಳಿದರು. "ನನ್ನ ರಟ್ಟಿ ಸೋತಾವು, ಹಿಡೀರಿ. ನೆಲಕ್ಕಿಟ್ಟೀರಿ ಮತ್ತ!" ಎಂದು ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟರು.

ಹಿಂದೆ ನಡೆದು ಬರುತ್ತಿದ್ದ ವೀರೇಶ ಇಂಜಿನ್ನಿನ ಹತ್ತಿರ ಕೈ ಹಿಡಿದು ನೋಡಿದ. "ಕ್ಲಚ್ ಕಾದು ಕೆಂಡ ಆಗೈತ್ರಿ ಅಣ್ಣಾರ. ಅರ್ಧ ತಾಸು ಆರಾಕ ಬಿಡೋಣ." ಏನು ಮಾಡಿದಿರಿ ಎಂದು ಕೇಳಲಿಲ್ಲ. ಅಷ್ಟರಲ್ಲಿ ಮಾವ, ಹೆಂಗಸರು, ಮಕ್ಕಳು ತುಂಬಿದ ಟ್ರ್ಯಾಕ್ಟರು ಪಕ್ಕದಲ್ಲೇ ಹಾದುಹೋಯಿತು. ಬುಟ್ಟಿ ಹೊತ್ತು ನಿಂತ ಹಿರಿಯಳಿಯನನ್ನು ಮಕ್ಕಳು ಕೈಬೀಸಿ ಬೀಳ್ಕೊಟ್ಟವು.

ಗಾಡಿ ಆರಿದ ಮೇಲೆ ವೀರೇಶ ಕ್ಲಚ್ಚಿನ ಕೇಬಲ್ಲನ್ನು ಸರಿಮಾಡಿ, ಅತ್ತೆಗೆ ಕೇಳಿಸದಂತೆ ನನ್ನ ಕಿವಿಯಲ್ಲಿ ಹೇಳಿದ: "ಮೊದಲನೇ ಗೇರಿನ್ಯಾಗ ಕ್ಲಚ್ ಪೂರಾ ಬಿಟ್ಟಬಿಡ್ರಿ. ಬಟ್ಟು ಅದರ ಮ್ಯಾಲ ಇಡಬ್ಯಾಡ್ರಿ. ಹತ್ರಿ, ನೀವ ಹೊಡೀರಿ." ಬುಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟು, ಅವರನ್ನು ಹಿಂದೆ ಕೂರಿಸಿಕೊಂಡು ಬೆರಳು ಬಿಟ್ಟೆ. ಗಾಡಿ ಗುಡುಗುಡು ಎನ್ನುತ್ತ ನೇರ ಬನ್ನಿಗಿಡಕ್ಕೆ ಹೋಗಿ ನಿಂತಿತು.

"ಏನಾತೋ ದಾರ್‍ಯಾಗ?" ಹಿಂದಿನಿಂದ ನಡೆದು ಬಂದ ವೀರೇಶನನ್ನು ಮಾವ ಕೇಳಿದರು.

"ನಂದ ತಪ್ಪರೀ ಮಾವಾರ. ಕೇಬಲ್ ಬಿಗಿ ಇತ್ತು, ನಾ ನೋಡಿರಲಿಲ್ಲ. ಅಣ್ಣಾರು ಅರ್ಧ ತಾಸು ಬುಟ್ಟಿ ನೆಲಕ್ಕ ಇಟ್ಟಿಲ್ಲ ನೋಡ್ರಿ!"

"ಹಿರಿ ಅಳಿಯ ಅಂದ್ರ ಹಿಂಗಿರಬೇಕು" ಎಂದರು ಮಾವ. "ಮುಂದಿನ ವರ್ಷಾನೂ ಬುಟ್ಟಿ ಇವರದ."

ಹುದ್ದೆ ಮರಳಿ ಬಂತು. ಮೊದಲ ಕಡಬೂ ನನ್ನ ಎಲೆಗೇ ಬಿತ್ತು. ರುಚಿಸಬೇಕಲ್ಲ! ಬೈಕಾದರೆ ಕೀಲಿ ಕೇಳಿ ಒಂದು ಸುತ್ತು ಹೊಡೆಯಬಹುದು. ಅವನ ಈ ಗುಣವನ್ನು ಯಾರ ಹತ್ತಿರ ಕೇಳುವುದು?

ಸಂಜೆ ಸ್ಕೂಟರಿನಲ್ಲಿ ಮರಳುವಾಗ ಬಂಕಾಪುರ ಹತ್ತಿರ ಬಂತು. ಕೊನೆಗೆ ತಡೆಯಲಾರದೆ ಹೆಂಡತಿಗೆ ನಡೆದದ್ದೆಲ್ಲ ಹೇಳಿ ಕೇಳಿದೆ: "ಅವನ ಜಾಗಾದಾಗ ನಾನಿದ್ದಿದ್ರ ಹಂಗ ಹೇಳ್ತಿದ್ನೇನ?"

"ನೀವಾ?" ಎಂದಳು. "ಇಷ್ಟೊತ್ತಿಗೆ ಸವಣೂರಿಗೆಲ್ಲಾ ಫೋನ್ ಮಾಡಿ ಮುಗಸ್ತಿದ್ರಿ."

ಬೆಳಿಗ್ಗೆ ಮನಸ್ಸಿನಲ್ಲೇ ಮಾಡಿದ್ದ ಸವಣೂರಿನವರ ಪಟ್ಟಿ ನನಗಿನ್ನೂ ಬಾಯಿಪಾಠವಿತ್ತು. ಫೋನನ್ನು ಜೇಬಿನಲ್ಲೇ ಬಿಟ್ಟು, ಸ್ಕೂಟರು ನಿಲ್ಲಿಸಿ ಚಹಾ ಕುಡಿದೆವು.