ಇಳಕಲ್ ಸೀರೆಯ ಮೋನಾಲಿಸಾ

ಬಂಡು ಮಾಸ್ತರ ಪಾಠದಲ್ಲಿ ಮಕ್ಕಳು ನಿದ್ದೆ ಹೋಗುವುದು ಹೊಸದೇನಲ್ಲ. ಒಬ್ಬಿಬ್ಬರು ಮಲಗಿದರೆ ಮಾಸ್ತರು ಮನಸ್ಸಿಗೆ ಹಚ್ಚಿಕೊಳ್ಳುತ್ತಲೂ ಇರಲಿಲ್ಲ. ಆದರೆ ಆ ಸೋಮವಾರ ಮೋನಾಲಿಸಾ ಪಾಠಕ್ಕೆ ಒಂಬತ್ತನೇ ಇಯತ್ತೆಯ ಮೂವತ್ತೆರಡು ಮಕ್ಕಳೂ ಒಟ್ಟಿಗೇ ಮಲಗಿಬಿಟ್ಟರು. ಹೆಡ್‌ಮಾಸ್ತರ ಹಣಮಂತರಾಯರು ಕಿಟಕಿಯಲ್ಲಿ ಇಣುಕಿದಾಗ ಇಡೀ ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡಿದ್ದವರು ಇಬ್ಬರೇ. ಒಬ್ಬರು ಮಾಸ್ತರು, ಇನ್ನೊಬ್ಬಳು ಮೋನಾಲಿಸಾ.

ಸಂಜೆಯೊಳಗೆ ಸುದ್ದಿ ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷ ಕಲ್ಯಾಣಪ್ಪನವರಿಗೆ ಮುಟ್ಟಿತು.

“ಶುಕ್ರವಾರ ಅಧ್ಯಕ್ಷರು ಖುದ್ದ ನಿಮ್ಮ ಪಾಠಕ್ಕ ಬಂದ ಕುಂದರತಾರ,” ಎಂದರು ಹಣಮಂತರಾಯರು. “ಅವರ ಮನಸ್ಸಿಗೆ ಬಂತು, ಪಾಡಾತು. ಬರಲಿಲ್ಲಂದ್ರ ಡ್ರಾಯಿಂಗ್ ಪೀರಿಯಡ್ ಬಂದ್. ಅದರ ಜಾಗಾದಾಗ ಅಬ್ಯಾಕಸ್.”

“ಹಂಗಾದ್ರ ನನ್ನ ಗತಿ ಏನ್ರೀ?”

“ನಿಮಗ ಅಬ್ಯಾಕಸ್ ಬರ್ತದೇನು?”

ಬಂಡು ಮಾಸ್ತರಿಗೆ ಹದಿಮೂರರ ಮಗ್ಗಿಯೇ ಅರ್ಧಕ್ಕೆ ನಿಲ್ಲುತ್ತಿತ್ತು. ಕಮಲಾಪುರದಿಂದ ಕಲಬುರಗಿಯ ಮನೆಗೆ ಬರುವಷ್ಟರಲ್ಲಿ ಅವರ ಮುಖ ಒಣಗಿದ ಹೀರೇಕಾಯಿಯಂತಾಗಿತ್ತು.

ಹೆಂಡತಿ ಮೃದುಲಾ ಧೈರ್ಯದ ಹೆಂಗಸು. ಮೊಬೈಲು ತೆಗೆದು ಗಂಡನ ಮೂಗಿಗೆ ಹಿಡಿದಳು. ಅದರಲ್ಲಿ ಮೋನಾಲಿಸಾ ಕಪ್ಪು ಚಸ್ಮಾ ಹಾಕಿಕೊಂಡಿದ್ದಳು. ಇನ್ನೊಂದರಲ್ಲಿ ಬಬಲ್‌ಗಮ್ ಊದುತ್ತಿದ್ದಳು. ಮತ್ತೊಂದರಲ್ಲಿ ಸೆಲ್ಫಿ ಹೊಡೆದುಕೊಳ್ಳುತ್ತಿದ್ದಳು.

“ನೋಡ್ರಿ, ಬ್ಯಾರೆ ಕಡೆ ಮಾಸ್ತರು ಮೊದಲ ಇಂಥಾವ ತೋರಿಸಿ ನಗಸ್ತಾರಂತ. ಆಮ್ಯಾಲ ಅಸಲಿ ಚಿತ್ರಾ ತೋರಸ್ತಾರ. ಎರಡರ ನಡುವಿನ ಫರಕ್ ಹುಡುಕತಾ ಹುಡುಕತಾ ಹುಡುಗ್ರು ಕಣ್ಣ ತೆರದು ನೋಡೂದು ಕಲೀತಾರ. ನೀವೂ ಒಂದ ನಮ್ಮೂರಿಗೆ ಹೊಂದೂ ಹಂಗ ಮಾಡ್ರಿ.”

ಮಾಸ್ತರು ಮೂರು ದಿನ ಕೂತು ಮಾಡಿದರು. ಅದೇ ಮುಖ, ಅದೇ ತುಟಿಯಂಚಿನ ನಗು, ಅದೇ ಕೈ ಮೇಲೆ ಕೈ. ಆದರೆ ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಹಣೆಗೆ ರೂಪಾಯಿಯಗಲ ಕುಂಕುಮ, ದಟ್ಟ ಹುಬ್ಬು, ಮೂಗಿಗೆ ನತ್ತು, ಕೈತುಂಬ ಹಸಿರು ಬಳೆ. ಮುಂದೊಂದು ಬುಟ್ಟಿ, ಬುಟ್ಟಿಯ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು.

ಶುಕ್ರವಾರ ಬೆಳಿಗ್ಗೆ ಚಿತ್ರ ಸುತ್ತಿಕೊಂಡು ಹೊರಟವರನ್ನು ಸೇಡಂ ರಸ್ತೆಯಲ್ಲಿ ಫ್ರೇಮಿನ ಅಂಗಡಿ ಇಟ್ಟಿದ್ದ ನೆರೆಮನೆಯ ಗುಂಡಣ್ಣ ಕೂಗಿ ನಿಲ್ಲಿಸಿದ.

“ಅಧ್ಯಕ್ಷರ ಮುಂದ ಬರೇ ಹಾಳಿ ಹಿಡಕೊಂಡ ಹೋಗ್ತೀರೇನ್ರಿ ಮಾಸ್ತರ? ಛೇ ಛೇ! ತರ್ರಿ ಇಲ್ಲೆ.”

ಗುಂಡಣ್ಣನ ಅಂಗಡಿಯಲ್ಲಿ ಎರಡೇ ಬಗೆಯ ಫ್ರೇಮು. ಒಂದು ದೇವರಿಗೆ, ಇನ್ನೊಂದು ಹೋದವರಿಗೆ. ಅವನು ಚಿತ್ರ ನೋಡಿದ, ಏನೂ ಕೇಳದೆ ಎರಡನೆಯದನ್ನು ಜಡಿದ. “ಮಾರಿ ಮ್ಯಾಲ ಎಷ್ಟ ಶಾಂತಿ ಅದರೀ!” ಎಂದು ಕಣ್ಣಿಗೊತ್ತಿ ಕೊಟ್ಟ. ಬಸ್ಸಿನ ಹೊತ್ತಾಗಿತ್ತು, ಮಾಸ್ತರು ವಿವರಿಸಲು ನಿಲ್ಲಲಿಲ್ಲ.

ಬಸ್ಸು ತುಂಬಿತ್ತು. ಎದೆಗವಚಿದ ಫ್ರೇಮು ಕಂಡದ್ದೇ ತಡ, ಒಬ್ಬ ಎದ್ದು ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ. ಪಕ್ಕದಲ್ಲಿ ಕೂತಿದ್ದಾಕೆ ಮಹಾಗಾಂವದ ಲಲಿತಾಬಾಯಿ. ಮನೆಯ ದೇವರಿಗೆಂದು ಕೊಂಡ ಚೆಂಡುಹೂವಿನ ಹಾರ ಅವರ ಮಡಿಲಲ್ಲಿತ್ತು.

“ಹೋಗಿ ಭಾಳ ದಿನಾ ಆತೇನೋ ತಮ್ಮಾ?” ಎಂದರು ಮೆಲ್ಲಗೆ.

ಐದುನೂರು ವರ್ಷ ಎಂದು ಹೇಳಿದರೆ ಕಮಲಾಪುರದವರೆಗೂ ಪಾಠ ಮಾಡಬೇಕು. “ಹೂಂ, ಭಾಳ ದಿನಾ ಆತ್ರಿ,” ಎಂದು ಮಾಸ್ತರು ಮುಗಿಸಿದರು.

ಆಗಲೇ ಫೋನು ಬಂತು. ಮನೆಯಿಂದ ತಾಯಿ ಸಾವಿತ್ರೀಬಾಯಿ! ಮಾಸ್ತರು ಕಿಟಕಿ ಕಡೆಯ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಗಿಸಿಕೊಂಡು, ಫ್ರೇಮು ಜಾರದಂತೆ ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಮಾತಾಡಿದರು.

“ಆಯಿ, ನನ್ನ ದಾರಿ ಕಾಯಬ್ಯಾಡ... ಇಲ್ಲ ಆಯಿ, ನಾ ಬರೂದು ತಡಾ ಆಗ್ತದ... ನೀ ಉಂಡು ಆರಾಮ ಮಲ್ಕೋ.”

ಲಲಿತಾಬಾಯಿಗೆ ಕಂಡದ್ದು ತೊಡೆಯ ಮೇಲಿನ ಅವ್ವನ ಫೋಟೋದೊಂದಿಗೆ ಮಾತಾಡುತ್ತಿದ್ದ ಮಗ. ಅವರಿಗೆ ತಡೆಯಲಾಗಲಿಲ್ಲ. “ಎಪ್ಪಾ, ಇಂಥಾ ಮಗನ್ನ ಬಿಟ್ಟ ಹ್ಯಾಂಗ ಹೋದ್ಯವ್ವಾ!” ಎಂದು ಬಿಕ್ಕಿದರು. ಮುಂದಿನ ಸೀಟಿನವರು ಹೊರಳಿ ನೋಡಿ ಕಣ್ಣೊರೆಸಿಕೊಂಡರು. ಮಹಾಗಾಂವದಲ್ಲಿ ಇಳಿಯುವ ಮುನ್ನ ಲಲಿತಾಬಾಯಿ ಹಾರವನ್ನು ಫ್ರೇಮಿಗೆ ಹಾಕಿ, ಕೈಮುಗಿದೇ ಇಳಿದರು.

ಬಸ್ಸಿನವರೆಲ್ಲ ನೋಡುತ್ತಿರುವಾಗ ಹಾರ ತೆಗೆಯುವುದು ಹೇಗೆ? ಕಮಲಾಪುರದಲ್ಲಿ ಇಳಿದು ತೆಗೆದರಾಯಿತು ಅಂದುಕೊಂಡರು. ಇಳಿದರೆ ಹಣಮಂತರಾಯರು ಬೈಕು ಚಾಲೂ ಮಾಡಿಯೇ ನಿಂತಿದ್ದರು.

“ಅಧ್ಯಕ್ಷರು ಬಂದು ಅರ್ಧಾ ತಾಸಾತ್ರೀ! ಹತ್ತರಿ, ಹತ್ತರಿ ಜಲ್ದಿ!”

ಮಾಸ್ತರು ಹಾರದ ಸಮೇತ ಫ್ರೇಮು ಅವಚಿಕೊಂಡು ವರ್ಗಕ್ಕೆ ನುಗ್ಗಿದರು, ಮೇಜಿನ ಮೇಲಿಟ್ಟರು. ಮಕ್ಕಳು ಕಿಸಕ್ಕೆಂದರು. ಮಾಸ್ತರಿಗೆ ಜೀವ ಬಂತು. ನಗಬೇಕಾದ್ದೇ, ಪಾಠವೇ ಅದು!

ಹಿಂದಿನ ಬೆಂಚಿನಿಂದ ಕಲ್ಯಾಣಪ್ಪನವರು ಎದ್ದರು. ಎಪ್ಪತ್ತರ ಹತ್ತಿರದ ಜೀವ, ಊರಿಗೆಲ್ಲ ಗದರುವ ದನಿ. ಅವರು ಚಪ್ಪಲಿ ಬಿಟ್ಟು ಮುಂದೆ ಬಂದು ಚಿತ್ರದ ಮುಂದೆ ಕೈಮುಗಿದು ನಿಂತರು.

“ನಮ್ಮವ್ವ,” ಎಂದರು.

ಕಿಸಕ್ಕೆಂದಿದ್ದ ಮಕ್ಕಳು ತಾವೂ ಕೈಮುಗಿದರು.

“ನಲವತ್ತ ವರ್ಷ ಆತ್ರಿ ಹೋಗಿ. ಮನ್ಯಾಗ ಒಂದ ಫೋಟೋ ಇಲ್ಲ. ಇದೇ ಬಾಳಿಹಣ್ಣಿನ ಬುಟ್ಟಿ ಹೊತ್ತು ನನ್ನ ಓದಸಿದ್ಲು. ಮಾರಿನೇ ಮರತ ಹೋಗಿತ್ತು ನನಗ.” ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. “ನಿಮಗ ಹ್ಯಾಂಗ ಗೊತ್ತಾತ್ರಿ ಮಾಸ್ತರ?”

ನಿಜ ಹೇಳಿದರೆ ನೌಕರಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಳುತ್ತಿರುವ ಮುದುಕನಿಗೆ ‘ಇದು ನಗಲಿಕ್ಕೆ ಮಾಡಿದ್ದು’ ಅಂತ ಯಾವ ಬಾಯಿಂದ ಹೇಳಬೇಕು?

“ಅದು... ಹಂಗೇ ಕೈಗೆ ಬಂತ್ರಿ,” ಎಂದರು ಬಂಡು ಮಾಸ್ತರು.

“ಅಬ್ಯಾಕಸ್ಸಿಗೆ ಬೆಂಕಿ ಹಚ್ಚರಿ!” ಕಲ್ಯಾಣಪ್ಪ ಗುಡುಗಿದರು. “ಹಣಮಂತರಾಯರ, ಈ ಮಾಸ್ತರನ್ನ ಖಾಯಂ ಮಾಡೂ ಕಾಗದಾ ತಯಾರ ಮಾಡ್ರಿ!”

“ಇವತ್ತಿಗೆ ಪಾಠ ಮುಗೀತು,” ಎಂದು ಮಾಸ್ತರು ಗಡಬಡಿಸಿದರು.

“ಎಲ್ಲಿ ಮುಗೀತ್ರೀ?” ಹಣಮಂತರಾಯರಿಗೆ ಅಧ್ಯಕ್ಷರ ಮುಂದೆ ಹುರುಪು ಉಕ್ಕಿತ್ತು. “ಪಾಠದ ಟಿಪ್ಪಣ್ಯಾಗ ಬರದೀರಿ, ಎರಡ ಚಿತ್ರ ಹೋಲಿಸೂದು ಅಂತ. ಏ ಹುಡುಗ್ರಾ, ಚಿತ್ರಕಲಾ ಪುಸ್ತಕ ತೆಗೀರಿ! ಅದರಾಗಿನ ಚಿತ್ರಕ್ಕೂ ಇದಕ್ಕೂ ಏನೇನ ಫರಕ್ ಅದ, ಒಬ್ಬೊಬ್ಬರೇ ಹೇಳ್ರಿ!”

ಮಾಸ್ತರು ಕಣ್ಣು ಹೊಡೆದರು, ಕೆಮ್ಮಿದರು, ತಲೆ ಅಲ್ಲಾಡಿಸಿದರು. ಮೂವತ್ತೆರಡು ಪುಸ್ತಕ ಫಡಫಡ ತೆರೆದುಕೊಂಡವು. ಇಷ್ಟು ವರ್ಷದ ಸೇವೆಯಲ್ಲಿ ಮೊದಲ ಸಲ ಅವರ ವರ್ಗದಲ್ಲಿ ಒಬ್ಬರೂ ಮಲಗಿರಲಿಲ್ಲ.

“ಸರ್, ಹಣಿ ಮ್ಯಾಲ ಕುಂಕುಮ ಇಲ್ಲರೀ!” ಮುಂದಿನ ಬೆಂಚಿನ ಸೃಷ್ಟಿ ಎದ್ದು ನಿಂತು ಕೂಗಿದಳು.

“ಕೈಯಾಗ ಬಳಿ ಇಲ್ಲರೀ!”

“ಮೂಗಿಗೆ ನತ್ತ ಇಲ್ಲರೀ!”

“ಸರ್, ಸರ್, ಹುಬ್ಬೇ ಇಲ್ಲರೀ!”

ಕಲ್ಯಾಣಪ್ಪ ಸೃಷ್ಟಿಯ ಕೈಯಿಂದ ಪುಸ್ತಕ ತಗೊಂಡರು. ಪುಸ್ತಕ ನೋಡಿದರು, ಮೇಜಿನ ಮೇಲಿನ ಚಿತ್ರ ನೋಡಿದರು, ಮತ್ತೆ ಪುಸ್ತಕ ನೋಡಿದರು. ಮುಖ ಕೆಂಪು ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತು.

“ಮುತ್ತೈದಿಯಾಗಿ ಹ್ವಾದಾಕಿ ನಮ್ಮವ್ವ! ಆಕೀ ಕುಂಕುಮಾ ಅಳಿಸಿ, ಬಳಿ ಒಡದು, ಹುಬ್ಬ ಸುದ್ದಾ ಬೋಳಿಸ್ಯಾನಲ್ಲ! ಯಾಂವ ಇದನ್ನ ಮಾಡಿದಾಂವ?”

“ಪರದೇಶದಾಂವರೀ,” ಎಂದರು ಹಣಮಂತರಾಯರು.

“ನಮ್ಮವ್ವ ಅವಗ ಏನ ಮಾಡಿದ್ಲು?”

ಬಂಡು ಮಾಸ್ತರು ಧೈರ್ಯ ಮಾಡಿ ಬಾಯಿ ತೆರೆದರು. “ಸಾಹೇಬ್ರ, ಖರೇ ಹೇಳಬೇಕಂದ್ರ...”

“ನೀವು ಸುಮ್ನಿರ್ರಿ. ನಿಮ್ಮದೇನೂ ತಪ್ಪಿಲ್ಲ. ಅಂವ ಕಳದ ಮಾನಾ ನೀವು ಕಾಯ್ದೀರಿ.” ಕಲ್ಯಾಣಪ್ಪ ಚಿತ್ರವನ್ನು ಎದೆಗವಚಿಕೊಂಡರು. “ಆದ್ರ ಮಂದಿ ಅವ್ವಗೋಳನ್ನ ಹಿಂಗ ಮಾಡೂ ವಿದ್ಯಾ ನನ್ನ ಸಾಲ್ಯಾಗ ಬ್ಯಾಡ. ಸೋಮವಾರದಿಂದ ಅಬ್ಯಾಕಸ್. ಹೋಗೂದ್ರೊಳಗ ಒಂದ ಉಪಕಾರ ಮಾಡ್ರಿ ಮಾಸ್ತರ, ಕೈ ಮುಗೀತೀನಿ. ಇಷ್ಟೂ ಪುಸ್ತಕದಾಗ ನಮ್ಮವ್ವನ್ನ ಮೊದಲಿನಂಗ ಮಾಡಿ ಹೋಗ್ರಿ.”

ಮಧ್ಯಾಹ್ನವೆಲ್ಲ ಬಂಡು ಮಾಸ್ತರು ಖಾಲಿ ವರ್ಗದಲ್ಲಿ ಕೂತು, ಸಣ್ಣ ಕುಂಚ ಹಿಡಿದು, ಒಂದೊಂದೇ ಪುಸ್ತಕದಲ್ಲಿ ಮೋನಾಲಿಸಾಳ ಹಣೆಗೆ ಕುಂಕುಮವಿಟ್ಟರು, ಹುಬ್ಬು ತೀಡಿದರು, ಬಳೆ ಇಡಿಸಿದರು. ಸಾಲಿ ಬಿಡುವ ಹೊತ್ತಿಗೆ ಸೃಷ್ಟಿ ತನ್ನ ಪುಸ್ತಕ ಒಯ್ಯಲು ಬಂದಳು. ಪುಟ ತೆರೆದು, ಹತ್ತಿರ ಹಿಡಿದು, ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

“ಈಗ ಬರೋಬ್ಬರಿ ಅಸಲಿ ಚಿತ್ರದಂಗ ಆತ್ ನೋಡ್ರಿ ಸರ್,” ಎಂದಳು.